ಹಗ್ಗಕ್ಕೆ ದಾಕ್ಷಿಣ್ಯವಿಲ್ಲ

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲಿನ ಮೌಂಟ್ ವಿಟ್ನಿಯ ಎತ್ತರ 4,421 ಮೀಟರ್. ಅಲಾಸ್ಕಾವನ್ನು ಬಿಟ್ಟರೆ ಅಮೆರಿಕದಲ್ಲಿ ಇದಕ್ಕಿಂತ ಎತ್ತರದ ಶಿಖರವಿಲ್ಲ. ತುದಿಯವರೆಗೂ ನಡೆದೇ ಹೋಗಬಹುದಾದ ಚಾರಣದ ಹಾದಿಯೊಂದಿದೆ. ಆದರೆ ಪೂರ್ವಕ್ಕೆ ಮುಖ ಮಾಡಿ ನಿಂತ ಗ್ರಾನೈಟ್ ಗೋಡೆಯನ್ನು ಹಗ್ಗ ಕಟ್ಟಿಕೊಂಡೇ ಏರಬೇಕು. ಬೇ ಏರಿಯಾದಿಂದ ಕಾರಿನಲ್ಲಿ ಒಂದು ಹಗಲಿನ ದಾರಿ. ಅಲ್ಲಿ ನೆಲೆಸಿದ ಸೋದರಮಾವನೊಬ್ಬ, ರಾಮನಗರ ಮತ್ತು ಸಾವನದುರ್ಗದ ಬಂಡೆಗಳಲ್ಲಿ ಕೈ ಪಳಗಿಸಿಕೊಂಡು ರಜೆಗೆ ಬಂದ ಅಳಿಯನ ಜೊತೆ ಈ ಗೋಡೆಗೆ ಹೊರಡುವುದು ಇಂದು ವಿಶೇಷವೇನಲ್ಲ. ಅಣ್ಣ-ತಮ್ಮ, ತಂದೆ-ಮಗಳು, ಭಾವ-ಭಾವಮೈದುನ ಯಾರೇ ಹೊರಟರೂ ತಯಾರಿಯ ಮಾತು ಸಾಮಾನ್ಯವಾಗಿ ಸಲಕರಣೆ, ಮೈಕಸುವು, ಹವಾಮಾನಗಳಿಗೆ ಮುಗಿದುಹೋಗುತ್ತದೆ. ಹಗ್ಗದ ಎರಡೂ ತುದಿಯಲ್ಲಿ ಒಂದೇ ಮನೆಯವರಿದ್ದಾಗ ಇನ್ನೊಂದು ವಿಷಯವನ್ನು ಮೊದಲೇ ಬಗೆಹರಿಸಿಕೊಳ್ಳಬೇಕು: ದಾಕ್ಷಿಣ್ಯ. ಹಿರಿಯರಿಗೆ ಎದುರಾಡಲಾಗದೆ ಕಿರಿಯರು ನುಂಗಿಕೊಳ್ಳುವ ಮಾತು, ಕಿರಿಯರ ಮುಂದೆ ಸೋಲಬಾರದೆಂದು ಹಿರಿಯರು ಮುಚ್ಚಿಡುವ ಸುಸ್ತು, ಇವು ನೆಲದ ಮೇಲೆ ಮನೆತನದ ಮರ್ಯಾದೆ ಎನಿಸಿಕೊಳ್ಳಬಹುದು. ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ಅವು ಅಪಘಾತದ ಮೊದಲ ಮೆಟ್ಟಿಲು. ಮನೆ ಬಿಡುವ ಮೊದಲೇ ಮಾತಾಡಿ, ಬರೆದಿಟ್ಟುಕೊಂಡು, ಅಭ್ಯಾಸ ಮಾಡಿದರೆ ಮಾತ್ರ ಸಂಬಂಧಿಕರ ಜೋಡಿ ಒಳ್ಳೆಯ ಜೋಡಿಯಾಗುತ್ತದೆ ಎಂಬುದು ಈ ಲೇಖನದ ವಾದ.

ಮನೆಯ ಹಿರಿತನ, ಬಂಡೆಯ ಹಿರಿತನ

ಪರ್ವತಾರೋಹಣದ ಇತಿಹಾಸದಲ್ಲಿ ಇದಕ್ಕೆ ಎರಡು ಬಗೆಯ ಸಾಕ್ಷ್ಯಗಳಿವೆ. 1970ರ ಜೂನ್‌ನಲ್ಲಿ ನಂಗಾ ಪರ್ಬತ್‌ನ ರೂಪಲ್ ಮುಖದಲ್ಲಿ ರೈನ್‌ಹೋಲ್ಡ್ ಮೆಸ್ನರ್ ಬೆಳಗಾಗುವ ಮೊದಲೇ ಒಬ್ಬನೇ ಶಿಖರದತ್ತ ಹೊರಟ. ಇಳಿದು ಬರುವವರ ಅನುಕೂಲಕ್ಕೆ ಕೆಳಗಿನ ಕೊರಕಲಿನಲ್ಲಿ ಹಗ್ಗ ಬಿಗಿಯುವ ಕೆಲಸ ತಮ್ಮ ಗುಂಟರ್‌ನ ಪಾಲಿಗಿತ್ತು. ಅವನು ಆ ಕೆಲಸ ಬಿಟ್ಟು ಅಣ್ಣನ ಹಿಂದೆ ಹತ್ತಿದ. ಇಬ್ಬರೂ ಶಿಖರ ಮುಟ್ಟಿದರು. ಆದರೆ ಅವರ ಬಳಿ ಹಗ್ಗವಿರಲಿಲ್ಲ, ಬಳಲಿದ ಗುಂಟರ್‌ಗೆ ಬಂದ ದಾರಿಯಲ್ಲಿ ಇಳಿಯುವ ಶಕ್ತಿ ಇರಲಿಲ್ಲ. ಪರ್ವತದ ಇನ್ನೊಂದು ಬದಿಗೆ ಇಳಿಯುವಾಗ ಅವನು ಸತ್ತ. ಎಂಟು ವರ್ಷಗಳ ನಂತರ, 1978ರಲ್ಲಿ, ಕಾರಕೋರಂನ ಲಾಟೋಕ್-1 ಶಿಖರದ ಉತ್ತರ ರಿಡ್ಜ್ ಮೇಲೆ ನಾಲ್ವರು ಅಮೆರಿಕನ್ನರಿದ್ದರು: ಜಿಮ್ ಡೊನಿನಿ, ಮೈಕೆಲ್ ಕೆನಡಿ, ಜೊತೆಗೆ ಸೋದರಸಂಬಂಧಿಗಳಾದ ಜಾರ್ಜ್ ಲೋ ಮತ್ತು ಜೆಫ್ ಲೋ. ಶಿಖರ ಹತ್ತಿರವಿದ್ದಾಗ ಜೆಫ್ ತೀವ್ರವಾಗಿ ಕಾಯಿಲೆ ಬಿದ್ದ. ತಂಡ ಶಿಖರವನ್ನು ಕೈಬಿಟ್ಟು ಇಳಿಯಿತು. ಹತ್ತಿ ಇಳಿದು 26 ದಿನ ಕಳೆದ ಮೇಲೆ ನಾಲ್ವರೂ ಜೀವಂತ ಮರಳಿದರು. ಎರಡು ಕಡೆಯೂ ಕೌಶಲಕ್ಕೆ ಕೊರತೆಯಿರಲಿಲ್ಲ, ಪ್ರೀತಿಗೂ ಇರಲಿಲ್ಲ. ಒಂದು ಕಡೆ ರಕ್ತಸಂಬಂಧದ ಸೆಳೆತ ಆ ದಿನದ ಯೋಜನೆಯನ್ನು ಮೀರಿತು. ಇನ್ನೊಂದು ಕಡೆ ಒಬ್ಬನ ಸ್ಥಿತಿ ಇಡೀ ತಂಡದ ನಿರ್ಧಾರವಾಯಿತು. ಒಬ್ಬರ ಅಶಕ್ತತೆ ಎಲ್ಲರ ನಿರ್ಧಾರವಾಗುವ ವ್ಯವಸ್ಥೆ ತನ್ನಿಂದ ತಾನೇ ಹುಟ್ಟುವುದಿಲ್ಲ, ಅದನ್ನು ಮೊದಲೇ ಕಟ್ಟಿಕೊಳ್ಳಬೇಕು.

ಹಿರಿತನದ ಮುಂದೆ ಸಂಶಯ ಬಾಯಿ ಮುಚ್ಚಿಕೊಳ್ಳುವುದಕ್ಕೆ ಬೆಟ್ಟದ ಹೊರಗೂ ದಾಖಲೆಗಳಿವೆ. 1977ರ ಮಾರ್ಚ್ 27ರಂದು ಟೆನೆರಿಫ್ ವಿಮಾನ ನಿಲ್ದಾಣದಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಟೇಕಾಫ್‌ಗೆ ಓಡುತ್ತಿದ್ದ ವಿಮಾನದ ಫ್ಲೈಟ್ ಎಂಜಿನಿಯರ್ ರನ್‌ವೇ ಖಾಲಿಯಾಗಿಲ್ಲವೇನೋ ಎಂಬ ಅನುಮಾನವನ್ನು ಬಾಯಿಬಿಟ್ಟು ಕೇಳಿದ್ದ. ಅತ್ಯಂತ ಅನುಭವಿಯಾದ ಕ್ಯಾಪ್ಟನ್ ಅದನ್ನು ತಳ್ಳಿಹಾಕಿದಾಗ ಸುಮ್ಮನಾದ. ಆನಂತರದ ವರ್ಷಗಳಲ್ಲಿ ವಿಮಾನಯಾನ ತನ್ನ ತರಬೇತಿಯನ್ನೇ ಬದಲಿಸಿ, ಕಿರಿಯರಿಗೆ ಒತ್ತಿ ಹೇಳುವುದನ್ನೂ ಹಿರಿಯರಿಗೆ ಕೇಳಿಸಿಕೊಳ್ಳುವುದನ್ನೂ ಪಾಠವಾಗಿ ಕಲಿಸತೊಡಗಿತು. ಬೆಟ್ಟಕ್ಕೆ ಇನ್ನೂ ಹತ್ತಿರದ ಸಾಕ್ಷ್ಯವೆಂದರೆ ಇಯಾನ್ ಮೆಕಾಮನ್ 2004ರಲ್ಲಿ ಪ್ರಕಟಿಸಿದ ಅಧ್ಯಯನ. ಅಮೆರಿಕದ 715 ಹಿಮಪಾತ ಅಪಘಾತಗಳನ್ನು ಪರಿಶೀಲಿಸಿದ ಆತ, ತರಬೇತಿ ಪಡೆದವರೂ ಬೀಳುವ ಆರು ಮಾನಸಿಕ ಬಲೆಗಳನ್ನು ಗುರುತಿಸಿದ. ಪರಿಚಿತ ಜಾಗವೆಂಬ ಧೈರ್ಯ, ಜೊತೆಯವರ ಮೆಚ್ಚುಗೆ ಗಳಿಸುವ ಆಸೆ, ಹಿಡಿದ ನಿರ್ಧಾರವನ್ನು ಬಿಡದ ಹಟ, ಬಲ್ಲವರೆಂದು ಭಾವಿಸಿದವರ ಮೇಲಿನ ಕುರುಡು ನಂಬಿಕೆ ಅವುಗಳಲ್ಲಿ ನಾಲ್ಕು. ಹಿಮಕ್ಕೂ ಬಂಡೆಗೂ ವ್ಯತ್ಯಾಸವಿದೆ, ನಿಜ. ಆದರೆ ಈ ನಾಲ್ಕೂ ಮನುಷ್ಯರ ನಡುವೆ ಹುಟ್ಟುವಂಥವು, ಹಿಮದಿಂದ ಹುಟ್ಟಿದವಲ್ಲ. ಮನೆಯೊಳಗೆ ಹುಟ್ಟಿನಿಂದಲೇ ಬೇರೂರಿರುವಂಥವೂ ಹೌದು. ಇಪ್ಪತ್ತು ವರ್ಷ ‘ನೀವು ಹೇಳಿದ ಹಾಗೇ ಆಗಲಿ’ ಎಂದವರು ಒಂದು ಬೆಳಗ್ಗೆ ಬಂಡೆಯ ಬುಡದಲ್ಲಿ ನಿಂತು ‘ಈ ಗಂಟು ಸರಿಯಿಲ್ಲ’ ಎನ್ನುವುದು ಸುಲಭವಲ್ಲ.

‘ಹೊರಗಿನವರಿಗಿಂತ ನಮ್ಮವರನ್ನು ನಾವು ಚೆನ್ನಾಗಿ ಬಲ್ಲೆವು, ಮುಖ ನೋಡಿದರೇ ಗೊತ್ತಾಗುತ್ತದೆ’ ಎಂಬುದು ಇಲ್ಲಿ ಬರುವ ಮೊದಲ ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ಆದರೆ ನಾವು ಬಲ್ಲದ್ದು ಹಬ್ಬದ ಮನೆಯ, ಮದುವೆ ಛತ್ರದ, ಆಸ್ಪತ್ರೆಯ ವರಾಂಡದ ಮನುಷ್ಯನನ್ನು. ನಿದ್ದೆಗೆಟ್ಟು, ತಲೆ ಸಿಡಿಯುತ್ತ, ಬೆರಳು ಮರಗಟ್ಟಿದ ಮನುಷ್ಯ ಬೇರೆಯೇ ಆಗಿರುತ್ತಾನೆ. ಜೊತೆಗೆ, ಬಲ್ಲೆವೆಂಬ ಭಾವನೆಯೇ ಪರೀಕ್ಷೆಯನ್ನು ತಪ್ಪಿಸುತ್ತದೆ. ಅಪರಿಚಿತನ ಹಾರ್ನೆಸ್ ಬಕಲನ್ನು ಮುಟ್ಟಿ ನೋಡುವವರು ಚಿಕ್ಕಪ್ಪನದನ್ನು ಮುಟ್ಟುವುದಿಲ್ಲ. ಅಪರಿಚಿತನ ಹಗ್ಗ ಎಷ್ಟು ಹಳೆಯದೆಂದು ಕೇಳುವವರು, ಭಾವ ಅಟ್ಟದಿಂದ ತೆಗೆದುಕೊಟ್ಟ ಹಗ್ಗದ ವಯಸ್ಸು ಕೇಳುವುದಿಲ್ಲ. ಬಳಸದೆ ಇಟ್ಟಿದ್ದರೂ ಹತ್ತು ವರ್ಷ ದಾಟಿದ ಹಗ್ಗವನ್ನು ಬಳಸಬೇಡಿ ಎನ್ನುವುದು ತಯಾರಕರ ಸಾಮಾನ್ಯ ಸೂಚನೆ. ಉಡುಗೊರೆಯಾಗಿ ಬಂತೆಂದ ಮಾತ್ರಕ್ಕೆ ನೈಲಾನ್‌ಗೆ ಆಯುಸ್ಸು ಹೆಚ್ಚುವುದಿಲ್ಲ.

ವಿಟ್ನಿಯ ಲೆಕ್ಕಾಚಾರ

ಪೂರ್ವದ ಗೋಡೆಯನ್ನು ಮೊದಲು ಹತ್ತಿದ ತಂಡವೇ ಒಂದು ಒಳ್ಳೆಯ ಪಾಠ. 1931ರ ಆಗಸ್ಟ್ 16ರಂದು ಈಸ್ಟ್ ಫೇಸ್ ಹಾದಿಯನ್ನು ಏರಿದ ನಾಲ್ವರಲ್ಲಿ ಇಬ್ಬರು ನಲವತ್ತು ದಾಟಿದವರು: ಹಾರ್ವರ್ಡ್‌ನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದ ರಾಬರ್ಟ್ ಅಂಡರ್‌ಹಿಲ್ ಮತ್ತು ಸಿಯೆರಾದ ಹಳೆಯ ಹುಲಿ ನಾರ್ಮನ್ ಕ್ಲೈಡ್. ಇನ್ನಿಬ್ಬರು, ಗ್ಲೆನ್ ಡಾಸನ್ ಮತ್ತು ಜೂಲ್ಸ್ ಐಕಾರ್ನ್, 19ರ ಹುಡುಗರು. ಯುರೋಪಿನ ಹಗ್ಗದ ಪದ್ಧತಿಯನ್ನು ಸಿಯೆರಾ ಕ್ಲಬ್‌ನವರಿಗೆ ಕಲಿಸಿದವನು ಅಂಡರ್‌ಹಿಲ್. ಬೀಳುವವನನ್ನು ತಡೆಯುವುದು ಬಿಲೇ ಹಿಡಿದವನ, ಅಂದರೆ ಜೊತೆಗಾರನ ಹಗ್ಗ ಕಾಯುವವನ ಕೌಶಲ, ಅವನ ವಯಸ್ಸಲ್ಲ ಎಂಬುದೇ ಆ ಪದ್ಧತಿಯ ತಳಹದಿ. ಆರು ವರ್ಷಗಳ ನಂತರ, 1937ರಲ್ಲಿ, ಪಕ್ಕದ ಈಸ್ಟ್ ಬಟ್ರೆಸ್ ಹಾದಿಯನ್ನು ಮೊದಲು ಹತ್ತಿದ ಐವರಲ್ಲಿ ಗ್ಲೆನ್ ಜೊತೆ ಅವನ ತಮ್ಮ ಮ್ಯೂರ್ ಡಾಸನ್ ಕೂಡ ಇದ್ದ. ಎರಡೂ ಹಾದಿಗಳು ಹತ್ತುವ ಕಷ್ಟವನ್ನು ಅಳೆಯುವ ಯೊಸೆಮಿಟಿ ಶ್ರೇಣಿಯಲ್ಲಿ 5.7ರ ಆಸುಪಾಸಿನವು. ರಾಮನಗರದಲ್ಲಿ ವಾರಾಂತ್ಯಕ್ಕೆ ಇದಕ್ಕಿಂತ ಕಷ್ಟದ್ದನ್ನು ಹತ್ತುವವರಿದ್ದಾರೆ. ಮೋಸ ಇರುವುದು ಇಲ್ಲೇ. ಬೆನ್ನಿಗೆ ಚೀಲ, ತಣ್ಣನೆಯ ಗಾಳಿ, ಬೋಲ್ಟ್‌ಗಳನ್ನು ನಂಬದೆ ಬಿರುಕಿಗೆ ತಾವೇ ನಟ್ ಮತ್ತು ಕ್ಯಾಮ್ ಇಟ್ಟುಕೊಂಡು ಸಾಗುವ ಹತ್ತು ಹನ್ನೆರಡು ಪಿಚ್ (ಒಂದೊಂದು ಹಗ್ಗದಳತೆಯ ಹಂತ), ಅದರ ಮೇಲೆ ಸಮುದ್ರಮಟ್ಟದ ಸುಮಾರು 60 ಪ್ರತಿಶತಕ್ಕೆ ಇಳಿದ ಗಾಳಿಯ ಒತ್ತಡ. ಅಂಕಿಯನ್ನು ನೋಡಿ ‘ಇದು ಸುಲಭ, ಅವನನ್ನೂ ಕರೆದುಕೊಂಡು ಹೋಗೋಣ’ ಎನ್ನುವುದು ಮನೆಯವರ ವಿಷಯದಲ್ಲಿ ಹೆಚ್ಚು.

ಎತ್ತರಕ್ಕೆ ಹೊಂದಿಕೊಳ್ಳಲು ದಿನಗಳು ಬೇಕು. ಬೆಂಗಳೂರಿನ 900 ಮೀಟರ್ ಎತ್ತರ ಇದಕ್ಕೆ ಏನೂ ನೆರವಾಗದು, ಬೇ ಏರಿಯಾದ ಕಡಲಮಟ್ಟ ಮೊದಲೇ ಇಲ್ಲ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂಬುದು ಪರ್ವತ ವೈದ್ಯಕೀಯದ ರೂಢಿಯ ನಿಯಮ. ಅದರಂತೆ, ಟಯೋಗಾ ರಸ್ತೆ ತೆರೆದಿರುವ ಬೇಸಿಗೆಯಲ್ಲಿ ಯೊಸೆಮಿಟಿಯ ಟ್ವಾಲಮಿ ಮೆಡೋಸ್‌ನಲ್ಲಿ, ಅಂದರೆ ಸುಮಾರು 2,600 ಮೀಟರ್ ಎತ್ತರದಲ್ಲಿ, ಮೊದಲ ಎರಡು ರಾತ್ರಿ ಕಳೆಯುವುದು ಜಾಣತನ. ಅಲ್ಲಿನ 3,326 ಮೀಟರ್ ಎತ್ತರದ ಕೆಥೆಡ್ರಲ್ ಪೀಕ್‌ನ ಆಗ್ನೇಯ ಬದಿ 5.6 ಮಟ್ಟದ್ದು. ಜೋಡಿಯ ತಾಳಮೇಳ ನೋಡಿಕೊಳ್ಳಲು ಹೇಳಿಮಾಡಿಸಿದ ಜಾಗ. ಆಮೇಲೆ ಲೋನ್ ಪೈನ್ ಊರಿನ ಮೇಲಿರುವ, 2,550 ಮೀಟರ್ ಎತ್ತರದ ವಿಟ್ನಿ ಪೋರ್ಟಲ್‌ನಿಂದ ಉತ್ತರದ ಕಣಿವೆ ಹಿಡಿದು ಲೋವರ್ ಬಾಯ್ ಸ್ಕೌಟ್ ಕೆರೆ (3,150 ಮೀಟರ್), ಅಪ್ಪರ್ ಬಾಯ್ ಸ್ಕೌಟ್ ಕೆರೆ (3,450), ಗೋಡೆಯ ಬುಡದ ಐಸ್‌ಬರ್ಗ್ ಕೆರೆ (3,850) ಹೀಗೆ ಒಂದೊಂದು ರಾತ್ರಿ ಮೇಲೇರಬಹುದು. ಗಟ್ಟಿಗರು ಇದನ್ನು ಎರಡು ದಿನದಲ್ಲಿ ಮುಗಿಸುತ್ತಾರೆ. ಆದರೆ ವಯಸ್ಸು, ರೂಢಿ ಬೇರೆ ಬೇರೆಯಿರುವ ಸಂಬಂಧಿಕರಿಗೆ ನಿಧಾನವೇ ಲಾಭ. ತಲೆನೋವು, ಓಕರಿಕೆ, ಊಟ ಸೇರದಿರುವುದು ಎತ್ತರದ ಕಾಯಿಲೆಯ ಮೊದಲ ಗುರುತುಗಳು. ತೂರಾಡುವ ನಡಿಗೆ, ಕೂತಲ್ಲೇ ಏದುಸಿರು ಬಂದರೆ ತಡಮಾಡದೆ ಕೆಳಗಿಳಿಯಬೇಕು. ಇವನ್ನು ಒಬ್ಬರು ತಾವಾಗಿ ಹೇಳಲೆಂದು ಕಾಯಬೇಡಿ. ಬೆಳಗ್ಗೆ ಸಂಜೆ ಇಬ್ಬರೂ ಒಬ್ಬರಿಗೊಬ್ಬರು ಅದೇ ನಾಲ್ಕು ಪ್ರಶ್ನೆ ಕೇಳುವುದನ್ನು ನಿಯಮ ಮಾಡಿಕೊಳ್ಳಿ: ತಲೆ ನೋಯುತ್ತಿದೆಯೇ, ಊಟ ಸೇರಿತೇ, ನಿದ್ದೆ ಬಂತೇ, ನೀರು ಎಷ್ಟು ಕುಡಿದಿರಿ. ಎಲ್ಲರಿಗೂ ಕೇಳುವ ಪ್ರಶ್ನೆಗೆ ಉತ್ತರಿಸಲು ಸಂಕೋಚ ಕಡಿಮೆ. ಡಯಾಮಾಕ್ಸ್‌ನಂಥ ಮಾತ್ರೆ ಬೇಕೇ ಬೇಡವೇ ಎಂಬುದನ್ನು ಹೊರಡುವ ಮೊದಲು ವೈದ್ಯರೇ ಹೇಳಲಿ.

ಇನ್ನು ಗಡಿಯಾರದ ಲೆಕ್ಕ. ಜುಲೈ-ಆಗಸ್ಟ್‌ನಲ್ಲಿ ಸಿಯೆರಾದ ಎತ್ತರದ ಜಾಗಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಮಳೆ ಸಾಮಾನ್ಯ. ಬೆಳಗ್ಗೆ ಆರಕ್ಕೆ ಹಗ್ಗ ಕಟ್ಟಿದಿರೆಂದುಕೊಳ್ಳಿ. ಪಿಚ್ ಒಂದಕ್ಕೆ ನಲವತ್ತು ನಿಮಿಷ ಹಿಡಿದರೆ ಹನ್ನೆರಡು ಪಿಚ್‌ಗೆ ಎಂಟು ಗಂಟೆ. ಶಿಖರಕ್ಕೆ ಬರುವುದು ಎರಡಕ್ಕೆ, ಸಿಡಿಲಿನ ಹೊತ್ತಿಗೆ ಸರಿಯಾಗಿ. ಪಿಚ್‌ಗೆ ಮೂವತ್ತು ನಿಮಿಷವಾದರೆ ಹನ್ನೆರಡಕ್ಕೆ ತಲುಪಿರುತ್ತೀರಿ. ಹತ್ತು ನಿಮಿಷದ ಈ ವ್ಯತ್ಯಾಸ ಹೋಗುವುದು ಬಂಡೆ ಹತ್ತುವುದರಲ್ಲಿ ಅಲ್ಲ, ಆಂಕರ್ ಬಳಿ ಹಗ್ಗ ಬಿಡಿಸುವುದರಲ್ಲಿ, ‘ನೀನು ಮೊದಲು, ನೀವು ಮೊದಲು’ ಎನ್ನುವುದರಲ್ಲಿ. ಶಿಖರದಲ್ಲಿ 1909ರಲ್ಲಿ ಕಟ್ಟಿದ ಕಲ್ಲಿನ ಗುಡಿಸಲೊಂದಿದೆ. ಅದನ್ನು ಆಸರೆ ಎಂದು ನಂಬುವಂತಿಲ್ಲ. 1990ರಲ್ಲಿ ಮಳೆಗೆ ಅದರೊಳಗೆ ನಿಂತಿದ್ದವರಲ್ಲಿ ಒಬ್ಬರು ಸಿಡಿಲಿಗೆ ಬಲಿಯಾದರು. ಈಸ್ಟ್ ಫೇಸ್‌ನಲ್ಲಿ ‘ಫ್ರೆಶ್ ಏರ್ ಟ್ರ್ಯಾವರ್ಸ್’ ಎಂಬ, ಗೋಡೆಗೆ ಅಡ್ಡಲಾಗಿ ಸಾಗುವ ಬಯಲು ಪಿಚ್ ಇದೆ. ಅಡ್ಡ ಸಾಗಿದ ಹಾದಿಯನ್ನು ಹಗ್ಗದಲ್ಲಿ ಇಳಿದು ಹಿಂದಿರುಗುವುದು ನೇರ ಹಾದಿಗಿಂತ ಬಹಳ ಕಷ್ಟ. ಹಾಗಾಗಿ ಮುಂದೆ ಹೋಗುವುದೋ ಇಳಿಯುವುದೋ ಎಂಬ ತೀರ್ಮಾನ ಅದಕ್ಕೆ ಮೊದಲೇ ಆಗಬೇಕು, ಅದಕ್ಕೊಂದು ಗಂಟೆ ನಿಗದಿಯಾಗಿರಬೇಕು.

ಇಳಿಯುವ ದಾರಿ ಜಾನ್ ಮ್ಯೂರ್ 1873ರಲ್ಲಿ ಹತ್ತಿದ ಮೌಂಟನೀರ್ಸ್ ರೂಟ್. ಶಿಖರದ ಉತ್ತರ ಬದಿಯ ಕಡಿದಾದ ಇಳಿಜಾರಿನಿಂದ ಒಂದು ಸೀಳಿಗೆ ಇಳಿದು, ಅಲ್ಲಿಂದ ಸಡಿಲ ಕಲ್ಲಿನ ಕೊರಕಲಿನಲ್ಲಿ ಕೆರೆಯವರೆಗೆ ಬರಬೇಕು. ಬೇಸಿಗೆಯ ಆರಂಭದಲ್ಲಿ ಇಲ್ಲಿ ಗಟ್ಟಿಹಿಮ ಇರುತ್ತದೆ, ಐಸ್ ಆ್ಯಕ್ಸ್ ಮತ್ತು ಕ್ರಾಂಪಾನ್ ಇಲ್ಲದೆ ಇಳಿಯಬಾರದು. ಹೆಲ್ಮೆಟ್ ಟೆಂಟ್ ಮುಟ್ಟುವವರೆಗೂ ತಲೆಯ ಮೇಲಿರಲಿ. ಹತ್ತಿದ ಸಂತೋಷ, ಸುಸ್ತು ಎರಡೂ ಸೇರುವ ಹೊತ್ತು ಇದು. ವಿಟ್ನಿ ವಲಯಕ್ಕೆ ಮುಂಗಡ ಪರವಾನಗಿ ಕಡ್ಡಾಯ, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ. ಕರಡಿ ಬಾಯಿಹಾಕದಂತೆ ಆಹಾರವನ್ನು ಗಟ್ಟಿ ಡಬ್ಬಿಯಲ್ಲಿಡಬೇಕು, ಮಲವನ್ನೂ ಚೀಲದಲ್ಲಿ ಕಟ್ಟಿ ಕೆಳಗೆ ಹೊತ್ತು ತರಬೇಕು. ಮಾವನ ಪಕ್ಕದಲ್ಲಿ ಇದಕ್ಕೆ ಮುಜುಗರಪಟ್ಟು ಊಟ, ನೀರು ಕಡಿಮೆ ಮಾಡುವವರು ಎತ್ತರದ ಕಾಯಿಲೆಯನ್ನು ತಾವೇ ಕರೆದಂತೆ. ಮೊದಲ ದಿನವೇ ನಕ್ಕು ಮಾತಾಡಿ ಮುಗಿಸಿಬಿಡಿ.

ಮನೆಯಲ್ಲೇ ಬರೆದಿಡಬೇಕಾದ ಒಪ್ಪಂದ

ಈ ಎಲ್ಲದರಿಂದ ಹೊರಡುವ ಒಪ್ಪಂದಕ್ಕೆ ಒಂದು ಹಾಳೆ ಸಾಕಾಗುತ್ತದೆ. ಮೊದಲನೆಯದು, ಇಬ್ಬರಲ್ಲಿ ಯಾರೇ ‘ಬೇಡ’ ಎಂದರೂ ಅಲ್ಲಿಗೆ ಮುಗಿಯಿತು. ಗೋಡೆಯ ಮೇಲೆ ಕಾರಣ ಕೇಳುವಂತಿಲ್ಲ, ಕೆಳಗಿಳಿದ ಮೇಲೆ ಆಡಿಕೊಳ್ಳುವಂತಿಲ್ಲ, ಮನೆಯ ಊಟದ ಮಾತಿನಲ್ಲಿ ಅದು ತಮಾಷೆಯಾಗುವಂತಿಲ್ಲ. ಕೊನೆಯದೇ ಮುಖ್ಯ. ಮುಂದಿನ ಹತ್ತು ವರ್ಷ ಪ್ರತಿ ಹಬ್ಬಕ್ಕೂ ಕೇಳಬೇಕಾಗುವ ಹಾಸ್ಯಕ್ಕೆ ಹೆದರಿ ಮುಂದೆ ಹೆಜ್ಜೆಯಿಡುವವರಿದ್ದಾರೆ. ಎರಡನೆಯದು, ಹಿಂದಿರುಗುವ ಗಂಟೆ ಕಾಗದದ ಮೇಲಿರಲಿ, ಗಡಿಯಾರ ನೋಡಿ ಅದನ್ನು ಹೇಳುವ ಕೆಲಸ ಕಿರಿಯರದ್ದಾಗಿರಲಿ. ಆಗ ಅವರು ಹೇಳುವುದು ಎದುರುತ್ತರವಲ್ಲ, ವಹಿಸಿದ ಕೆಲಸ. ಮೂರನೆಯದು, ಯಾವ ಪಿಚ್‌ಗೆ ಯಾರು ಲೀಡ್ ಎಂಬುದನ್ನು ಇತ್ತೀಚಿನ ಅಭ್ಯಾಸ ತೀರ್ಮಾನಿಸಲಿ. ಹದಿನೈದು ವರ್ಷದ ಹಿಂದಿನ ಸಾಹಸದ ಕತೆ ಅರ್ಹತೆಯಲ್ಲ. ನಾಲ್ಕನೆಯದು, ಪ್ರತಿ ಪಿಚ್‌ಗೆ ಮೊದಲು ಗಂಟು, ಬಕಲ್, ಬಿಲೇ ಸಾಧನ, ಕ್ಯಾರಬಿನರ್‌ನ ತಿರುಪು ಈ ನಾಲ್ಕನ್ನೂ ಇಬ್ಬರೂ ಪರಸ್ಪರ ಕೈಯಿಂದ ಮುಟ್ಟಿ ನೋಡಬೇಕು. ಹಗ್ಗದಲ್ಲಿ ಇಳಿಯುವಾಗ ಎರಡೂ ತುದಿಗೆ ಗಂಟು ಇರಲೇಬೇಕು. ತುದಿ ಮುಗಿದದ್ದು ತಿಳಿಯದೆ ಜಾರಿ ಬೀಳುವುದು ಅನುಭವಿಗಳನ್ನೂ ಬಿಡದ ಅಪಘಾತ. ಐದನೆಯದು, ಕೂಗುವ ಮಾತುಗಳು. ಗಾಳಿಯಲ್ಲಿ ಮೂವತ್ತು ಮೀಟರ್ ಮೇಲಿನಿಂದ ‘ಬಿಡಬೇಡ’ ಎಂದದ್ದು ‘ಬಿಡು’ ಎಂದಷ್ಟೇ ಕೇಳಿಸಬಹುದು. ‘ಆಫ್ ಬಿಲೇ’, ‘ಸ್ಲ್ಯಾಕ್’, ‘ಟೇಕ್’ ಎಂಬ ರೂಢಿಯ ಕೂಗುಗಳನ್ನೇ, ಹೆಸರು ಸೇರಿಸಿ ಬಳಸಿ. ದನಿ ಕೇಳದಾಗ ಹಗ್ಗವನ್ನು ಎಷ್ಟು ಸಲ ಎಳೆದರೆ ಏನರ್ಥ ಎಂಬುದೂ ಗೊತ್ತಿರಲಿ.

ಒಪ್ಪಂದ ಬರೆದರೆ ಸಾಲದು, ಬಳಕೆಗೆ ಬರಬೇಕು. ಅದಕ್ಕೆ ಹೊರಡುವ ಕೆಲವು ತಿಂಗಳ ಮೊದಲೇ ಒಟ್ಟಿಗೆ ಹತ್ತಬೇಕು. ಸಾವನದುರ್ಗದ ಉದ್ದನೆಯ ಹಾಸುಬಂಡೆಗಳಲ್ಲಿ ಹಲವು ಪಿಚ್‌ನ ಹಾದಿಗಳಿವೆ, ಹಗ್ಗದ ನಿರ್ವಹಣೆ ಮತ್ತು ಪಿಚ್‌ಗೆ ಹಿಡಿಯುವ ಸಮಯ ಅಳೆಯಲು ಅವು ಸಾಕು. ಬಾದಾಮಿಯ ಮರಳುಗಲ್ಲಿನಲ್ಲಿ ಬೆರಳಿಗೆ ಬಲ ಬರುತ್ತದೆ, ಆದರೆ ಅಲ್ಲಿನ ಬೋಲ್ಟ್ ಹಾದಿಗಳು ಬಿರುಕಿಗೆ ಸಾಧನ ಇಡುವುದನ್ನು ಕಲಿಸುವುದಿಲ್ಲ. ಇಬ್ಬರದೇ ತಂಡವಾದ್ದರಿಂದ ಎರಡನೆಯವರೂ ಪೂರ್ಣ ಸಮರ್ಥರಾಗಿರಬೇಕು: ಪ್ರೂಸಿಕ್ ಗಂಟು ಹಾಕಿ ಹಗ್ಗ ಏರುವುದು, ಬಿಲೇಯನ್ನು ಆಂಕರ್‌ಗೆ ಕಟ್ಟಿ ತಾವು ಬಿಡಿಸಿಕೊಳ್ಳುವುದು, ಗಾಯಗೊಂಡವರನ್ನು ಕೆಳಗಿಳಿಸುವುದು. ಬೆಂಗಳೂರಿನಿಂದ ಬರುವವರು ಹನ್ನೆರಡೂವರೆ ಗಂಟೆಯ ಕಾಲವ್ಯತ್ಯಾಸ ತೀರಲು ಕೆಲವು ದಿನ ಬಿಟ್ಟು ಹೊರಡಲಿ. ಪ್ರಯಾಣ ವಿಮೆಯ ಷರತ್ತನ್ನೂ ಓದಿಕೊಳ್ಳಲಿ. ಹಲವು ಪಾಲಿಸಿಗಳು ಹಗ್ಗ ಬಳಸುವ ಪರ್ವತಾರೋಹಣಕ್ಕೆ ಅನ್ವಯಿಸುವುದಿಲ್ಲ. ಒಂದೇ ಮನೆಯ ಇಬ್ಬರು ಒಂದೇ ಹಗ್ಗದಲ್ಲಿದ್ದಾರೆ ಎಂಬುದನ್ನೂ ಮರೆಯಬಾರದು. ಉಪಗ್ರಹ ಸಂದೇಶ ಸಾಧನವೊಂದು ಜೊತೆಗಿರಲಿ. ಕೆಳಗೆ ಕಾಯುವವರು ಆತಂಕಕ್ಕೆ ಬೇಗ ಒಳಗಾಗದ ಸ್ನೇಹಿತರಾಗಿರಲಿ. ಎಷ್ಟು ಗಂಟೆಯವರೆಗೆ ಸುದ್ದಿ ಬಾರದಿದ್ದರೆ 911ಕ್ಕೆ ಕರೆ ಮಾಡಬೇಕು, ಯಾವ ಹಾದಿ, ಯಾವ ಬಣ್ಣದ ಟೆಂಟ್ ಎಂಬ ವಿವರ ಅವರ ಕೈಯಲ್ಲಿರಲಿ. ಆ ಪ್ರದೇಶದ ಹುಡುಕಾಟ ಮತ್ತು ರಕ್ಷಣೆ ಇನ್ಯೋ ಕೌಂಟಿ ಶೆರೀಫ್ ಕಚೇರಿಯ ಹೊಣೆ.

ಇಷ್ಟೆಲ್ಲ ಕಾಗದ ಪತ್ರ ಮಾಡಿದರೆ ಮನೆಯವರ ಜೊತೆ ಹೋಗುವ ಸೊಗಸೇ ಹೋಗುವುದಿಲ್ಲವೇ ಎಂಬುದು ಎರಡನೆಯ ಆಕ್ಷೇಪ. ಒಡಹುಟ್ಟಿದವರ ನಡುವೆಯೂ ಆಸ್ತಿಯ ಪತ್ರ ಮಾಡಿಸುವ ನಮಗೆ ಇದು ಹೊಸತಾಗಬಾರದು. ಪತ್ರ ಇರುವುದು ಅಪನಂಬಿಕೆಗಲ್ಲ, ಮುಂದೆ ಮನಸ್ಸು ಮುರಿಯದಿರಲಿ ಎಂದು. ಅನುಭವವಿಲ್ಲದವರಿಗೆ ‘ಬೇಡ’ ಎನ್ನುವ ಅಧಿಕಾರ ಕೊಟ್ಟರೆ ಸಣ್ಣ ಭಯಕ್ಕೂ ಪ್ರವಾಸ ನಿಲ್ಲುತ್ತದಲ್ಲ ಎಂಬುದು ಮೂರನೆಯದು. ನಿಲ್ಲಬಹುದು. ಆದರೆ ಸುಳ್ಳು ಎಚ್ಚರಿಕೆಯ ಬೆಲೆ ಒಂದು ದಿನ, ನುಂಗಿಕೊಂಡ ಎಚ್ಚರಿಕೆಯ ಬೆಲೆಗೆ ಮಿತಿಯಿಲ್ಲ. ಮೇಲಾಗಿ ಅನನುಭವಿಯ ಹೆದರಿಕೆ ಅನೇಕ ಸಲ ಅವನ ದೇಹ ಹೇಳುತ್ತಿರುವ ನಿಜವಾಗಿರುತ್ತದೆ. ಗೈಡ್ ಇಟ್ಟುಕೊಂಡರೆ ಸಮಸ್ಯೆಯೇ ಇಲ್ಲವಲ್ಲ ಎಂಬುದು ಕೊನೆಯದು. ಇಬ್ಬರ ಕೌಶಲದಲ್ಲಿ ದೊಡ್ಡ ಅಂತರವಿದ್ದರೆ, ಅಥವಾ ಇಬ್ಬರಿಗೂ ಬಿರುಕಿಗೆ ಸಾಧನ ಇಟ್ಟು ಹತ್ತಿ ರೂಢಿಯಿಲ್ಲದಿದ್ದರೆ, ಅರಣ್ಯ ಇಲಾಖೆಯ ಅನುಮತಿ ಪಡೆದ ಗೈಡ್ ಖಂಡಿತ ಸರಿಯಾದ ಆಯ್ಕೆ. ಹೊರಗಿನವರ ಮುಂದೆ ನಿಜ ಹೇಳುವುದೂ ಸುಲಭ. ಆದರೆ ಗೈಡ್‌ಗೂ ತಲೆನೋವನ್ನು ನೀವೇ ಹೇಳಬೇಕು. ಅಣ್ಣನ ಮುಂದೆ ಮುಚ್ಚಿಟ್ಟದ್ದು, ಅದೇ ಅಣ್ಣ ಪಕ್ಕದಲ್ಲಿ ನಿಂತಿರುವಾಗ ಗೈಡ್ ಎದುರೂ ಹೊರಗೆ ಬಾರದು.

ಆದ್ದರಿಂದ ಹೊರಡುವ ಮೊದಲು ಒಂದು ಸರಳ ಪರೀಕ್ಷೆ ಇಟ್ಟುಕೊಳ್ಳಬಹುದು. ಅಭ್ಯಾಸದ ತಿಂಗಳುಗಳಲ್ಲಿ ಕಿರಿಯರು ಹಿರಿಯರ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿಸಿದ್ದುಂಟೇ? ‘ಇವತ್ತು ಸಾಕು, ಇಳಿಯೋಣ’ ಎಂದು ಹೇಳಿ ಹಿರಿಯರನ್ನು ನಿಜಕ್ಕೂ ಇಳಿಸಿದ್ದುಂಟೇ? ‘ನನಗೆ ಆಗುತ್ತಿಲ್ಲ’ ಎಂದು ಹಿರಿಯರು ಒಮ್ಮೆಯಾದರೂ ಬಾಯಿಬಿಟ್ಟು ಹೇಳಿದ್ದುಂಟೇ? ಮೂರಕ್ಕೂ ಹೌದು ಎಂದಾದರೆ ಜೋಡಿ ಸಿದ್ಧ, ಮಿಕ್ಕದ್ದು ಹವಾಮಾನ ಮತ್ತು ಪರವಾನಗಿಯ ಪ್ರಶ್ನೆ. ಒಂದಕ್ಕೆ ಇಲ್ಲವೆಂದು ಬಂದರೂ ಈ ವರ್ಷದ ಪರವಾನಗಿ ರದ್ದು ಮಾಡಿ, ಇನ್ನೊಂದು ಋತು ಸಾವನದುರ್ಗದಲ್ಲೇ ಒಟ್ಟಿಗೆ ಹತ್ತಿ. ಅಲ್ಲಿ ಬಾಯಿಗೆ ಬಾರದ ಮಾತು ವಿಟ್ನಿಯಲ್ಲಿಯೂ ಬಾರದು.